ಬೀಳುವುದನ್ನು ನಿಧಾನ ಮಾಡಿದವನು

1972ರಲ್ಲಿ ಫ್ಲಾರೆನ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅರವತ್ತು ದಾಟಿದ ಅಮೆರಿಕದವರೊಬ್ಬರು ಹಳೆಯ ಕಾಗದದ ಕಟ್ಟೊಂದನ್ನು ಮುಂದಿಟ್ಟುಕೊಂಡು ಹಾಳೆ ಹಾಳೆಯಾಗಿ ತಿರುವುತ್ತಿದ್ದರು. ಹೆಸರು ಸ್ಟಿಲ್‌ಮನ್ ಡ್ರೇಕ್. ಹಣಕಾಸಿನ ಸಲಹೆಗಾರರಾಗಿ ಅರ್ಧ ಆಯಸ್ಸು ಕಳೆದವರು ಅವರು. ಸಂಜೆ ಹೊತ್ತು, ರಜೆಯ ದಿನ ಗೆಲಿಲಿಯೋನ ಪುಸ್ತಕಗಳನ್ನು ಇಂಗ್ಲಿಷಿಗೆ ತರುತ್ತ ತರುತ್ತ ಆ ಹುಚ್ಚು ಹೆಚ್ಚಾಗಿ, 1967ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದಿದ್ದರು. ಮುಂದಿದ್ದ ಕಟ್ಟು ಬಹುಪಾಲು ಗೆಲಿಲಿಯೋನ ಸ್ವಂತ ಕೈಬರಹದ್ದು, 72ನೇ ಹಸ್ತಪ್ರತಿ. ಚಲನೆಯ ಬಗ್ಗೆ ಅವನು ವರ್ಷಗಟ್ಟಲೆ ಗೀಚಿಟ್ಟ ಟಿಪ್ಪಣಿಗಳೆಲ್ಲ ಅದರಲ್ಲಿ ಹಿಂದುಮುಂದಾಗಿ ಸೇರಿಕೊಂಡಿದ್ದವು.

ಈ ಕಟ್ಟನ್ನು ಮೊದಲು ಯಾರೂ ನೋಡಿರಲಿಲ್ಲ ಎಂದೇನಲ್ಲ. ಗೆಲಿಲಿಯೋ ಬರೆದದ್ದನ್ನೆಲ್ಲ ಒಟ್ಟುಮಾಡಿ 1890ರಿಂದ 1909ರವರೆಗೆ ಇಪ್ಪತ್ತು ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಆಂತೋನಿಯೋ ಫವಾರೋ ಇದನ್ನೂ ನೋಡಿದ್ದ. ನೋಡಿ, ಕೆಲವು ಹಾಳೆಗಳನ್ನು ಕೈಬಿಟ್ಟಿದ್ದ. ಅವುಗಳಲ್ಲಿ ಪ್ರಮೇಯವಿರಲಿಲ್ಲ, ಪೂರ್ತಿ ವಾಕ್ಯವೂ ಇರಲಿಲ್ಲ. ಇದ್ದದ್ದು ಗೀಟುಗಳು ಮತ್ತು ಅಂಕಿಗಳು. ಅಂಥದ್ದನ್ನು ಅಚ್ಚು ಹಾಕಿ ಓದುಗನಿಗೆ ಏನು ಕೊಟ್ಟಂತಾಯಿತು ಎಂದು ಸಂಪಾದಕನಿಗೆ ಅನ್ನಿಸಿದ್ದರೆ ತಪ್ಪು ಹೇಳುವಂತಿಲ್ಲ.

116ನೇ ಹಾಳೆಯ ಬೆನ್ನಿಗೆ ಬಂದಾಗ ಡ್ರೇಕ್ ನಿಂತರು. ನೆಟ್ಟಗೆ ನಿಂತ ಒಂದು ಗೆರೆ. ಅಲ್ಲಿಂದ ಹೊರಟು ಬಾಗಿ ನೆಲಕ್ಕಿಳಿಯುವ ಕೆಲವು ಗೆರೆಗಳು, ಕೊಡದಿಂದ ನೀರು ಚೆಲ್ಲಿದ ಹಾಗೆ. ಎತ್ತರದ ಬದಿಯಲ್ಲಿ 300, 600, 800, 828, 1000. ನೆಲದ ಉದ್ದಕ್ಕೂ 800, 1172, 1328, 1340, 1500. ಅವುಗಳ ಹತ್ತಿರವೇ ಇನ್ನೊಂದಿಷ್ಟು ಅಂಕಿ: 1131, 1306, 1330, 1460. ಮೊದಲನೆಯದಕ್ಕೆ ಹೊಂದಬೇಕಾದರೆ ಇಷ್ಟಿರಬೇಕಿತ್ತು, ವ್ಯತ್ಯಾಸ ಇಷ್ಟು ಎಂಬರ್ಥದ ತುಂಡು ಮಾತು. ವ್ಯತ್ಯಾಸಗಳು 41, 22, 10, 40.

ಗ್ರಂಥಾಲಯದ ಮೌನದಲ್ಲಿ ಡ್ರೇಕ್ ಅವರ ಎದೆ ಹೊಡೆದುಕೊಂಡಿರಲೇಬೇಕು. ತಲೆಯೊಳಗೆ ಮಾತ್ರ ಲೆಕ್ಕ ಕಟ್ಟುವವನು ‘ವ್ಯತ್ಯಾಸ’ ಎಂದು ಬರೆದುಕೊಳ್ಳುವುದಿಲ್ಲ. ಹೀಗೆ ಬರೆದುಕೊಳ್ಳುವವನು ಅಳೆದು ನೋಡಿದವನು.

ಆ ಕಾಲದ ವಿದ್ವಾಂಸರ ಪೈಕಿ ಬಹಳ ಜನ ನಂಬಿದ್ದು ಬೇರೆಯದನ್ನೇ. ಗೆಲಿಲಿಯೋ ಗುಂಡು ಉರುಳಿಸಿದ, ನೀರು ತೂಗಿ ಕಾಲ ಅಳೆದ ಎಂಬುದೆಲ್ಲ ಪುಸ್ತಕಕ್ಕೆ ಹಚ್ಚಿದ ಬಣ್ಣ, ಅಂಥ ಒರಟು ಸಾಮಾನಿನಿಂದ ಅಷ್ಟು ನಿಖರವಾದ ನಿಯಮ ಹುಟ್ಟುವುದುಂಟೇ, ಅವನು ಕಂಡುಕೊಂಡದ್ದು ಬರಿಯ ಚಿಂತನೆಯಿಂದ ಎಂದು ಅಲೆಕ್ಸಾಂಡರ್ ಕೊಯ್ರೆ ಎಂಬ ದೊಡ್ಡ ಇತಿಹಾಸಕಾರ ವಾದಿಸಿದ್ದ. ಅವನ ಪ್ರಬಂಧಗಳು ಅಷ್ಟು ಸೊಗಸಾಗಿದ್ದವು, ಎದುರಾಡುವುದೇ ಕಷ್ಟವಾಗಿತ್ತು. ಎದುರು ಮಾತಾಡಲು ಆ ಹಾಳೆ ಮುನ್ನೂರ ಅರವತ್ತಕ್ಕೂ ಹೆಚ್ಚು ವರ್ಷದಿಂದ ಕಟ್ಟಿನೊಳಗೆ ಕಾದು ಕೂತಿತ್ತು.

ಹಾಗಾದರೆ ಆ ಅಂಕಿಗಳು ಹಾಳೆಯ ಮೇಲೆ ಬಂದದ್ದು ಹೇಗೆ? ಅದಕ್ಕೆ ಪೀಸಾಕ್ಕೆ ಹೋಗಬೇಕು. ಅಲ್ಲಿಗೆ ಹೋಗುವಾಗ ಓರೆ ಗೋಪುರದ ಕತೆಯನ್ನು ತುಸು ಬದಿಗಿಡಬೇಕು.

1589ರಲ್ಲಿ ಇಪ್ಪತ್ತೈದರ ಗೆಲಿಲಿಯೋ ಪೀಸಾದ ವಿಶ್ವವಿದ್ಯಾಲಯದಲ್ಲಿ ಗಣಿತದ ಮೇಷ್ಟ್ರಾಗಿ ಸೇರಿದ. ಸಂಬಳ ವರ್ಷಕ್ಕೆ 60 ಸ್ಕೂದಿ, ಹೊಟ್ಟೆಬಟ್ಟೆಗೂ ಎಳೆದಾಡಬೇಕಾದ ಮೊತ್ತ. ಅದೇ ವಿಶ್ವವಿದ್ಯಾಲಯದಲ್ಲಿ ಅವನು ವೈದ್ಯಕೀಯ ಓದಲು ಸೇರಿ, ಪದವಿ ಮುಗಿಸದೆ ಎದ್ದು ಬಂದಿದ್ದ. ಗೋಪುರದ ತುದಿಯಿಂದ ಹಗುರ, ಭಾರದ ಎರಡು ಗುಂಡುಗಳನ್ನು ಬಿಟ್ಟು, ನೆರೆದಿದ್ದ ಪಂಡಿತರ ಬಾಯಿ ಮುಚ್ಚಿಸಿದ ಎಂಬ ಕತೆಯನ್ನು ಬರೆದವನು ಅವನ ಕೊನೆಗಾಲದ ಶಿಷ್ಯ ವಿವಿಯಾನಿ. ಬರೆದದ್ದು ಗುರು ತೀರಿಹೋದ ಮೇಲೆ, 1654ರಲ್ಲಿ. ಗುಂಡು ಬಿಟ್ಟಿರಬಹುದು, ಬಿಡದೆಯೂ ಇರಬಹುದು. ಬಿಟ್ಟಿದ್ದರೂ ಅದರಿಂದ ಚಲನೆಯ ನಿಯಮ ಸಿಗುತ್ತಿರಲಿಲ್ಲ. ಎರಡೂ ಒಟ್ಟಿಗೆ ಬಿದ್ದವು ಎಂದು ತಿಳಿದರೆ ಅರಿಸ್ಟಾಟಲ್ ತಪ್ಪು ಎಂದಾಗುತ್ತದೆ, ಅಷ್ಟೇ. ಅಷ್ಟನ್ನು ಡಚ್ ನಾಡಿನ ಸೈಮನ್ ಸ್ಟೆವಿನ್ ಆಗಲೇ ಮಾಡಿ ಮುಗಿಸಿದ್ದ. ಒಂದು ಇನ್ನೊಂದರ ಹತ್ತು ಪಟ್ಟು ತೂಗುವ ಎರಡು ಸೀಸದ ಗುಂಡುಗಳನ್ನು ಮೂವತ್ತು ಅಡಿ ಮೇಲಿಂದ ಹಲಗೆಯ ಮೇಲೆ ಬೀಳಿಸಿ, ಎರಡರ ಸದ್ದೂ ಒಂದೇ ಆಗಿ ಕೇಳಿತು ಎಂದು 1586ರಲ್ಲೇ ಅಚ್ಚು ಹಾಕಿಸಿದ್ದ.

ಪೀಸಾದ ದಿನಗಳಲ್ಲಿ ಗೆಲಿಲಿಯೋ ಚಲನೆಯ ಮೇಲೆ ಒಂದು ಪುಸ್ತಕ ಬರೆಯಲು ಹೊರಟ. ಬರೆದ, ತಿದ್ದಿದ, ಮತ್ತೆ ಬರೆದ, ಕೊನೆಗೆ ಅಚ್ಚಿಗೆ ಕೊಡದೆ ಪೆಟ್ಟಿಗೆಗೆ ಹಾಕಿದ. ಅದರಲ್ಲಿ ಅರಿಸ್ಟಾಟಲನಿಗೆ ಬೇಕಾದಷ್ಟು ಬೈಗುಳವಿತ್ತು, ನಿಯಮ ಇರಲಿಲ್ಲ. ಪ್ರತಿ ವಸ್ತುವಿಗೂ ತನ್ನದೇ ಒಂದು ಸಹಜ ವೇಗವಿದೆ, ಬೀಳತೊಡಗಿದಾಗ ವೇಗ ಏರುವುದು ಬರೀ ಆರಂಭದ ತೊಳಲಾಟ, ಆಮೇಲೆ ಅದು ಒಂದೇ ಸಮನಾಗುತ್ತದೆ ಎಂದು ಅವನು ನಂಬಿದ್ದ. ಮುಂದೆ ಜಗತ್ತಿಗೆ ಕೊಡಲಿದ್ದ ನಿಯಮದ ಹೃದಯವೇ ವೇಗದ ಈ ಏರಿಕೆ. ಅದನ್ನೇ ಅವನು ಆಗ ಕಸವೆಂದು ಗುಡಿಸಿ ಮೂಲೆಗೆ ಸೇರಿಸಿದ್ದ.

ಅಡ್ಡ ನಿಂತದ್ದು ಕಣ್ಣು. ಗೋಪುರದಿಂದ ಬಿಟ್ಟ ಕಲ್ಲು ಮೂರ್ನಾಲ್ಕು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಅಷ್ಟರೊಳಗೆ ಅದು ಎಲ್ಲೆಲ್ಲಿ ಎಷ್ಟೆಷ್ಟು ವೇಗ ಪಡೆಯಿತು ಎಂದು ಯಾವ ಕಣ್ಣು ಹೇಳೀತು? ಸೆಕೆಂಡನ್ನು ನಂಬುವಂತೆ ಅಳೆಯುವ ಗಡಿಯಾರ ಅವನ ಕೈಗೆಟುಕುವಂತಿರಲಿಲ್ಲ. ಬೀಳುವ ವಸ್ತುವಿನ ವೇಗ ಒಂದೇ ಹದದಲ್ಲಿ ಏರುತ್ತದೆ ಎಂದು ಸ್ಪೇನಿನ ಪಾದ್ರಿ ಡೊಮಿಂಗೊ ಡಿ ಸೋಟೊ ಅದೇ ಶತಮಾನದ ನಡುವಿನಲ್ಲಿ ಬರೆದಿಟ್ಟಿದ್ದ. ಬರೆದು ಪುಟ ತಿರುಗಿಸಿ ಮುಂದಿನ ವಿಷಯಕ್ಕೆ ಹೋಗಿದ್ದ. ಅಳೆದು ನೋಡಬೇಕೆಂದು ಅವನಿಗೆ ಹೊಳೆದಂತಿಲ್ಲ, ಹೊಳೆದಿದ್ದರೂ ಅಳೆಯುವುದು ಹೇಗೆ?

ದಾರಿ ಸಿಕ್ಕಿದ್ದು ಕಿವಿಯಿಂದ. ಅದರ ಬೀಜ ಅಪ್ಪನ ಮನೆಯಲ್ಲೇ ಬಿದ್ದಿತ್ತು.

ಅಪ್ಪ ವಿನ್ಚೆಂಜೋ ಗೆಲಿಲಿ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಸಂಗೀತಗಾರ, ಸಂಗೀತಶಾಸ್ತ್ರದಲ್ಲಿ ಜಗಳಗಂಟ. ತಂತಿಯ ಸ್ವರ ಒಂದು ಸಪ್ತಕ ಮೇಲೇರಬೇಕಾದರೆ ಅದಕ್ಕೆ ತೂಗುಹಾಕಿದ ಭಾರವನ್ನು ಎರಡು ಪಟ್ಟು ಮಾಡಬೇಕು ಎಂದು ಪೈಥಾಗೊರಸನ ಕಾಲದಿಂದ ಗುರುಗಳೆಲ್ಲ ಹೇಳಿಕೊಂಡು ಬಂದಿದ್ದರು. ವಿನ್ಚೆಂಜೋ ತಂತಿಗೆ ತೂಕ ಕಟ್ಟಿ ಮೀಟಿ ನೋಡಿದ. ಎರಡು ಪಟ್ಟು ಸಾಲಲಿಲ್ಲ, ನಾಲ್ಕು ಪಟ್ಟು ಬೇಕಾಯಿತು. ಸಾವಿರಾರು ವರ್ಷ ಎಲ್ಲರೂ ಒಪ್ಪಿದ ಮಾತು ಒಂದು ಮೊಳೆ, ಒಂದು ತಂತಿ, ನಾಲ್ಕು ತೂಕದ ಬಟ್ಟುಗಳ ಮುಂದೆ ಬಿದ್ದುಹೋಯಿತು. ಇದನ್ನು ಅವನು 1589ರಲ್ಲಿ ಪ್ರಕಟಿಸಿದ. ಮಗನಿಗೆ ಅಪ್ಪ ಬಿಟ್ಟುಹೋದದ್ದು ಹೆಚ್ಚಾಗಿ ಸಾಲ, ತಂಗಿಯರ ವರದಕ್ಷಿಣೆಯ ಹೊರೆ. ಇನ್ನೆರಡು ಆಸ್ತಿಗಳೆಂದರೆ ತಾಳ ತಪ್ಪಿದರೆ ಥಟ್ಟನೆ ಹಿಡಿಯುವ ಕಿವಿ ಮತ್ತು ದೊಡ್ಡವರ ಮಾತನ್ನು ತೂಗಿ ನೋಡುವ ಚಾಳಿ.

1592ರಲ್ಲಿ ಗೆಲಿಲಿಯೋ ಪಾಡುವಾಕ್ಕೆ ಬಂದ. ಅಲ್ಲಿ ಕಳೆದ ಹದಿನೆಂಟು ವರ್ಷವೇ ತನ್ನ ಬದುಕಿನ ಸುಖದ ಕಾಲ ಎಂದು ಮುದುಕನಾದ ಮೇಲೆ ನೆನೆದ. ಸುಖ ಎಂದರೆ ನಿಶ್ಶಬ್ದವಲ್ಲ. ಮನೆ ತುಂಬ ಊಟ, ವಸತಿಗೆ ಹಣ ಕೊಟ್ಟು ಇರುವ ವಿದ್ಯಾರ್ಥಿಗಳು. ಒಂದು ಕೋಣೆಯಲ್ಲಿ ಮಾತ್ಸೊಲೇನಿ ಎಂಬ ಕುಶಲಕರ್ಮಿ ಹಿತ್ತಾಳೆ ಅರೆಯುತ್ತ, ಸೈನಿಕರಿಗೂ ಎಂಜಿನಿಯರುಗಳಿಗೂ ಮಾರಲು ಅಳತೆಯ ಕೈವಾರಗಳನ್ನು ಮಾಡುತ್ತಿದ್ದ. 1599ರಿಂದ ಅವನು ಸಂಸಾರ ಸಮೇತ ಈ ಮನೆಯಲ್ಲೇ ಬಿಡಾರ ಹೂಡಿದ್ದ. ಬೇರೆ ಮನೆಯಲ್ಲಿ ಮರೀನಾ ಗಾಂಬಾ, ಅವಳಲ್ಲಿ ಹುಟ್ಟಿದ ಮಕ್ಕಳು. ಪಾಠ, ಮನೆಪಾಠ, ಜಾತಕ ಬರೆಯುವುದು, ಸಾಲಗಾರರಿಗೆ ಸಮಾಧಾನ ಹೇಳುವುದು. ಇಷ್ಟರ ನಡುವೆ ಗುಂಡು ಉರುಳಿಸಲು ಅವನು ಹೊತ್ತು ಹುಡುಕಿದ.

1602ರ ನವೆಂಬರ್ 29ರಂದು ಗೆಳೆಯ ಗ್ವಿದೊಬಾಲ್ದೊ ದೆಲ್ ಮೊಂತೆಗೆ ಬರೆದ ಪತ್ರದಲ್ಲಿ ಹೊಸ ದಾರಿಯ ಗುರುತು ಸಿಗುತ್ತದೆ. ಸಮ ಉದ್ದದ ಎರಡು ದಾರಗಳಿಗೆ ಸೀಸದ ಗುಂಡು ಕಟ್ಟಿ, ಒಂದನ್ನು ದೊಡ್ಡದಾಗಿ, ಇನ್ನೊಂದನ್ನು ಚಿಕ್ಕದಾಗಿ ತೂಗಿಬಿಟ್ಟರೂ ಎರಡರ ಓಲಾಟ ಜೊತೆಜೊತೆಗೇ ಸಾಗುತ್ತದೆ ಎಂದು ಅವನು ಹೇಳಿದ್ದ, ಗೆಳೆಯ ನಂಬಿರಲಿಲ್ಲ. ಗೆಲಿಲಿಯೋ ಮತ್ತೆ ಬಿಡಿಸಿ ಬರೆದ. (ದೊಡ್ಡ ಓಲಾಟ ತುಸು ಹಿಂದೆ ಬೀಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಗೆಳೆಯನ ಅನುಮಾನದಲ್ಲೂ ಹುರುಳಿತ್ತು.) ಓಲಾಡುವ ಗುಂಡು ಕಮಾನಿನ ಮೇಲೆ ಇಳಿಯುವ ಗುಂಡೇ ತಾನೇ? ಕಮಾನಿನ ಬದಲು ನೇರ ಇಳಿಜಾರು ಇಟ್ಟರೆ? ಇಳಿಜಾರನ್ನು ತಗ್ಗಿಸುತ್ತ ಹೋದರೆ? ಬೀಳುವ ವಸ್ತುವಿನ ಹಿಂದೆ ಕಣ್ಣು ಓಡಲಾರದಿದ್ದರೆ, ಬೀಳುವುದನ್ನೇ ನಿಧಾನ ಮಾಡಬಹುದಲ್ಲ! ತೀರಾ ತಗ್ಗಿನ ಹಲಗೆಯ ಮೇಲೆ ಉರುಳುವ ಗುಂಡು ಕೂಡ ಬೀಳುತ್ತಲೇ ಇರುತ್ತದೆ, ಆದರೆ ನೋಡಿದವರಿಗೆ ಕಾಣುವಷ್ಟು ಮೆಲ್ಲಗೆ.

ಮೇಲಿನಿಂದ ಬೀಳುವುದನ್ನೂ ಹಲಗೆಯ ಮೇಲೆ ಉರುಳುವುದನ್ನೂ ಒಂದೇ ಎಂದು ಕಾಣಲು ಒಂದು ಬಗೆಯ ಧೈರ್ಯ ಬೇಕು. ಗೋಪುರದ ಕತೆಯಲ್ಲಿರುವ ಧೈರ್ಯಕ್ಕಿಂತ ಇದು ದೊಡ್ಡದು.

ಹಲಗೆ ಸಿದ್ಧವಾಯಿತು, ತೋಡು ಕೊರೆದದ್ದಾಯಿತು. ಗುಂಡು ಎರಡು ಮೀಟರು ಉರುಳಲು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿಯುವಷ್ಟು ತಗ್ಗಿನ ಇಳಿಜಾರು. ಆದರೆ ಆ ನಾಲ್ಕು ಸೆಕೆಂಡನ್ನು ಸಮಭಾಗ ಮಾಡುವುದು ಹೇಗೆ? ಡ್ರೇಕ್ ತಿರುವಿದ ಅದೇ ಕಟ್ಟಿನ 107ನೇ ಹಾಳೆಯ ಬೆನ್ನಿನಲ್ಲಿ ಎಂಟು ಅಂಕಿಗಳು ಒಂದರ ಕೆಳಗೊಂದು ನಿಂತಿವೆ: 33, 130, 298, 526, 824, 1192, 1620, 2104. ಕೆಲವಕ್ಕೆ ಕೂಡು ಕಳೆಯುವ ಗುರುತು, ಅಂದರೆ ಇನ್ನೊಂಚೂರು ಹೆಚ್ಚು, ಒಂಚೂರು ಕಡಿಮೆ. ಮಾನ ‘ಪುಂಟೊ’, ಒಂದು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಇದರ ಗುಟ್ಟನ್ನು ಡ್ರೇಕ್ ಬಿಡಿಸಿದ ಬಗೆ ಸ್ವಾರಸ್ಯದ್ದು. ಲ್ಯೂಟ್ ವಾದ್ಯದ ಕುತ್ತಿಗೆಗೆ ಕರುಳಿನ ತಂತಿಯನ್ನು ಬಿಗಿದು ಮೆಟ್ಟು ಮಾಡುತ್ತಾರೆ, ಬೇಕಾದರೆ ಅದನ್ನು ಅತ್ತಿತ್ತ ಸರಿಸಬಹುದು. ಸಂಗೀತಗಾರನ ಮಗ ಇಳಿಜಾರಿನ ಹಲಗೆಗೂ ಅಂಥ ಮೆಟ್ಟುಗಳನ್ನು ಕಟ್ಟಿರಬೇಕು. ಗುಂಡು ಪ್ರತಿ ಮೆಟ್ಟಿನ ಮೇಲೆ ಹಾಯುವಾಗ ‘ಟಕ್’ ಎನ್ನುತ್ತದೆ. ಬಾಯಲ್ಲಿ ಹಾಡು, ಕೈಯಲ್ಲಿ ತಾಳ. ಟಕ್ ಸದ್ದು ತಾಳದ ಪೆಟ್ಟಿಗೆ ಮುಂಚೆ ಬಂದರೆ ಮೆಟ್ಟನ್ನು ಕೆಳಕ್ಕೆ ಸರಿಸು, ತಡವಾದರೆ ಮೇಲಕ್ಕೆ. ಉರುಳಿಸು, ಕೇಳು, ಸರಿಸು. ಮತ್ತೆ ಉರುಳಿಸು. ಎಂಟು ಟಕ್‌ಗಳೂ ಎಂಟು ಪೆಟ್ಟುಗಳ ಮೇಲೆ ಕೂತ ಮೇಲೆ ಹಾಡು ನಿಲ್ಲಿಸಿ, ಅಳತೆಪಟ್ಟಿ ಹಿಡಿದು, ಮೆಟ್ಟುಗಳ ದೂರ ಬರೆದುಕೊಳ್ಳಬೇಕು. ಇಲ್ಲಿ ಗಡಿಯಾರದ ಕೆಲಸವೇ ಇಲ್ಲ. ಅರ್ಧ ಸೆಕೆಂಡು ಎಷ್ಟು ಎಂದು ತಿಳಿಯಬೇಕಾಗಿಯೂ ಇಲ್ಲ, ಪೆಟ್ಟುಗಳು ಸಮನಾಗಿದ್ದರೆ ಸಾಕು. ಹಾಡುಗಾರನ ಕಿವಿ ಆ ಕಾಲದ ಯಾವ ಗಡಿಯಾರಕ್ಕಿಂತಲೂ ಸೂಕ್ಷ್ಮ.

ಇದು ಡ್ರೇಕ್ ಅವರ ಊಹೆ, ಗೆಲಿಲಿಯೋ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಡ್ರೇಕ್ ಹಲಗೆ ತಂದು, ರಬ್ಬರ್ ಬ್ಯಾಂಡುಗಳನ್ನೇ ಮೆಟ್ಟು ಮಾಡಿ, ಚರ್ಚಿನ ಒಂದು ನಡಿಗೆಯ ಹಾಡನ್ನು ಗುನುಗುತ್ತ ಮಾಡಿ ನೋಡಿದಾಗ ಅಂಕಿಗಳು ಬಂದವು.

ಆ ಎಂಟು ಅಂಕಿಗಳನ್ನು ಮುಂದಿಟ್ಟುಕೊಂಡು ಗೆಲಿಲಿಯೋ ಎಷ್ಟು ದಿನ ಕೂತನೋ. ಒಂದೊಂದು ತಾಳದ ಅವಧಿಯಲ್ಲಿ ಗುಂಡು ಕ್ರಮಿಸಿದ ದೂರ ತಿಳಿಯಲು ಮೇಲಿನದನ್ನು ಕೆಳಗಿನದರಿಂದ ಕಳೆದರೆ 33, 97, 168, 228, 298 ಎಂದು ಬರುತ್ತದೆ. ಮೊದಲನೆಯದರಿಂದ ಭಾಗಿಸಿದರೆ ಸುಮಾರು ಒಂದು, ಮೂರು, ಐದು, ಏಳು, ಒಂಬತ್ತು. ಬೆಸ ಸಂಖ್ಯೆಗಳ ಸಾಲು! ಶಾಲೆಯ ಹುಡುಗನೂ ಎಣಿಸಬಲ್ಲ ಸಾಲು ಅದು, ಬೀಳುವ ಪ್ರತಿ ಕಲ್ಲಿನೊಳಗೂ ಅಡಗಿತ್ತು. ಬೆಸ ಸಂಖ್ಯೆಗಳನ್ನು ಕೂಡುತ್ತ ಹೋದರೆ 1, 4, 9, 16 ಎಂದು ವರ್ಗಗಳೇ ಬರುತ್ತವೆ. ಅದೇ ಹಾಳೆಯಲ್ಲಿ ಎಂಟು ಅಂಕಿಗಳ ಎಡಕ್ಕೆ 1ರಿಂದ 64ರವರೆಗೆ ವರ್ಗಗಳನ್ನು ಬರೆದಿದೆ, ಆಮೇಲೆ ಸೇರಿಸಿದ್ದು ಅನ್ನಿಸುವ ಹಾಗೆ. ಕಾಲ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಸ್ವರ ಎರಡು ಪಟ್ಟು ಏರಲು ಅಪ್ಪನಿಗೆ ಬೇಕಾದದ್ದೂ ನಾಲ್ಕು ಪಟ್ಟು ಭಾರ. ಮಗನಿಗೆ ಅದು ನೆನಪಾಗದೆ ಇದ್ದೀತೇ?

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವನು ಎಡವಿದ್ದು ನಿಯಮ ಕೈಗೆ ಸಿಕ್ಕ ಮೇಲೆ.

1604ರ ಅಕ್ಟೋಬರ್ 16ರಂದು ವೆನಿಸ್‌ನ ಪಾದ್ರಿ ಪಾವೊಲೊ ಸಾರ್ಪಿಗೆ ಅವನು ಪತ್ರ ಬರೆದ. ದೂರ ಕಾಲದ ವರ್ಗದಂತೆ ಬೆಳೆಯುತ್ತದೆ, ಸಮ ಕಾಲಗಳಲ್ಲಿ ಕ್ರಮಿಸುವ ದೂರಗಳು ಬೆಸ ಸಂಖ್ಯೆಗಳಂತೆ ಇರುತ್ತವೆ. ಇಷ್ಟೂ ಸರಿ. ಆದರೆ ಇದಕ್ಕೆಲ್ಲ ಬುಡದಲ್ಲಿರುವ ತತ್ವ ಇದು ಎಂದು ಸಹಜವಾಗಿ ತೋರುವ ಒಂದು ಮಾತನ್ನು ಸೇರಿಸಿದ: ವಸ್ತು ಎಷ್ಟು ದೂರ ಬಿದ್ದಿದೆಯೋ ಅದರ ವೇಗವೂ ಅಷ್ಟಕ್ಕಷ್ಟೆ ಬೆಳೆಯುತ್ತದೆ. ಎರಡು ಪಟ್ಟು ಎತ್ತರದಿಂದ ಬಿದ್ದರೆ ಎರಡು ಪಟ್ಟು ವೇಗ. ಕೇಳಲು ಎಷ್ಟು ನ್ಯಾಯವಾಗಿದೆ! ಎಷ್ಟು ತಪ್ಪು!

ಅವನನ್ನು ದಾರಿ ತಪ್ಪಿಸಿದ್ದು ಕಂಬ ನೆಡುವ ಯಂತ್ರ. ಆ ನಾಡಿನಲ್ಲಿ ಅದು ದಿನನಿತ್ಯದ ನೋಟ, ವೆನಿಸ್ ನಗರ ನಿಂತಿರುವುದೇ ಕೆಸರಿಗೆ ಹೊಡೆದ ಮರದ ಕಂಬಗಳ ಮೇಲೆ. ಭಾರದ ದಿಮ್ಮಿಯನ್ನು ಎರಡು ಪಟ್ಟು ಎತ್ತರಕ್ಕೆ ಎಳೆದು ಬಿಟ್ಟರೆ ಪೆಟ್ಟು ಎರಡು ಪಟ್ಟು ಬೀಳುತ್ತದೆ. ತೂಕ ಅದೇ ಇರುವಾಗ ಪೆಟ್ಟು ಎರಡರಷ್ಟಾಗಬೇಕಾದರೆ ವೇಗ ಎರಡರಷ್ಟಾಗಿರಬೇಕಲ್ಲವೇ ಎಂದು ಅವನು ವಾದಿಸಿದ. ಕಣ್ಣೆದುರಿನ ಸಾಕ್ಷಿ ಸುಳ್ಳಾಗಿರಲಿಲ್ಲ, ಅದರ ಅರ್ಥ ಬೇರೆ ಇತ್ತು. ಪೆಟ್ಟು ಬೆಳೆಯುವುದು ವೇಗದಂತಲ್ಲ, ವೇಗದ ವರ್ಗದಂತೆ. ಇದು ಜಗತ್ತಿಗೆ ತಿಳಿಯಲು ಇನ್ನೂ ಎರಡು ಮೂರು ತಲೆಮಾರು ಜಗಳಾಡಬೇಕಿತ್ತು.

ತಪ್ಪು ತತ್ವದಿಂದ ಸರಿ ನಿಯಮವನ್ನು ಹಿಂಜಿ ತೆಗೆಯಲು ಅವನು ವರ್ಷಗಳನ್ನೇ ಕಳೆದ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಹರಿದುಹೋಗಲೇಬೇಕಿತ್ತು. ಬಿದ್ದ ದೂರಕ್ಕೆ ತಕ್ಕಂತೆ ವೇಗ ಬರುವುದಾದರೆ, ಇನ್ನೂ ಬೀಳದ ಕಲ್ಲು ಸೊನ್ನೆ ದೂರ ಬಿದ್ದಿದೆ, ಅದರ ವೇಗ ಸೊನ್ನೆ. ವೇಗವಿಲ್ಲದೆ ದೂರವಿಲ್ಲ, ದೂರವಿಲ್ಲದೆ ವೇಗವಿಲ್ಲ. ಕೈ ಬಿಟ್ಟ ಕಲ್ಲು ಗಾಳಿಯಲ್ಲೇ ನಿಂತುಬಿಡಬೇಕು. ಮುಂದಿನ ಕೆಲವು ವರ್ಷಗಳಲ್ಲಿ ಯಾವುದೋ ಒಂದು ದಿನ ಅವನು ಹಟ ಬಿಟ್ಟ, ‘ದೂರ’ ಎಂದಿದ್ದ ಕಡೆ ‘ಕಾಲ’ ಎಂದು ಓದಿದ. ಇದನ್ನು ಅವನು ಮುಚ್ಚಿಡಲಿಲ್ಲ. ಕಡೆಯ ಪುಸ್ತಕದಲ್ಲಿ ಒಂದು ಪಾತ್ರ ಈ ತಪ್ಪನ್ನೇ ಆಡುತ್ತದೆ. ಆಗ ಇನ್ನೊಂದು ಪಾತ್ರ, ನಮ್ಮ ಗ್ರಂಥಕರ್ತನೂ ಬಹಳ ಕಾಲ ಇದೇ ಭ್ರಮೆಯಲ್ಲಿದ್ದ ಎಂದು ಸಮಾಧಾನ ಹೇಳುತ್ತದೆ. ವಿಜ್ಞಾನದ ಪುಸ್ತಕಗಳಲ್ಲಿ ಇಂಥ ಒಪ್ಪಿಗೆ ಅಪರೂಪ. ಗೆಲಿಲಿಯೋನಂಥ ಅಹಂಕಾರಿಯಿಂದ ಬಂದದ್ದಂತೂ ಇನ್ನೂ ಅಪರೂಪ.

ಈಗ 116ನೇ ಹಾಳೆಯ ಸರದಿ, ಸುಮಾರು 1608. ಮೇಜಿನ ಮೇಲೆ ಇಳಿಜಾರು, ಅದರ ತುದಿಯಲ್ಲಿ ಗುಂಡನ್ನು ಮಟ್ಟಸವಾಗಿ ತಿರುಗಿಸುವ ಒಂದು ಏರ್ಪಾಡು. ಮೇಜಿನ ಎತ್ತರ 828 ಪುಂಟೊ, ಮುಕ್ಕಾಲು ಮೀಟರಿಗಿಂತ ಚೂರು ಹೆಚ್ಚು. ಗುಂಡನ್ನು 300ರ ಎತ್ತರದಿಂದ ಬಿಟ್ಟರೆ ಅದು ಉರುಳಿ, ಮೇಜಿನ ಅಂಚು ದಾಟಿ, ಬಾಗಿ ನೆಲಕ್ಕೆ ಬೀಳುತ್ತದೆ. ಬಿದ್ದ ಗುರುತು ಅಂಚಿನಿಂದ 800 ದೂರ. ಮತ್ತೆ 600ರಿಂದ, 800ರಿಂದ, 1000ದಿಂದ.

ಇಲ್ಲಿ ಅವನು ಕೇಳುತ್ತಿದ್ದ ಪ್ರಶ್ನೆ ಒಂದಲ್ಲ, ಎರಡು. ಎತ್ತರ ಎರಡು ಪಟ್ಟಾದಾಗ ವೇಗವೂ ಎರಡು ಪಟ್ಟಾಗುವುದಾದರೆ 600ರಿಂದ ಬಿಟ್ಟ ಗುಂಡು 1600 ದೂರ ಹೋಗಬೇಕು. ಹಳೆಯ ತತ್ವ ಹಾಗೆ ಹೇಳುತ್ತದೆ. ಹೊಸ ತತ್ವದ ಪ್ರಕಾರ 1131. ಗುಂಡು ಬಿದ್ದದ್ದು 1172ರಲ್ಲಿ. ವ್ಯತ್ಯಾಸ 41. ಹಳೆಯದರ ಕತೆ ಅಲ್ಲಿಗೆ ಮುಗಿಯಿತು. ಎರಡನೆಯ ಪ್ರಶ್ನೆ ಅದಕ್ಕಿಂತ ಆಳದ್ದು: ಅಂಚು ದಾಟಿದ ಗುಂಡನ್ನು ಮುಂದಕ್ಕೆ ತಳ್ಳುವವರು ಯಾರೂ ಇಲ್ಲ, ಅದರ ಮುನ್ನಡೆಯ ವೇಗ ಏನಾಗುತ್ತದೆ? ತಳ್ಳುವ ಕೈ ಬಿಟ್ಟರೆ ಚಲನೆ ಸೊರಗಿ ಸಾಯಬೇಕು ಎಂದು ಅರಿಸ್ಟಾಟಲನ ಕಾಲದಿಂದ ಎಲ್ಲರ ನಂಬಿಕೆ. ಎತ್ತಿನ ಗಾಡಿ ನೋಡಿದವರಿಗೆಲ್ಲ ಅದು ನಿಜವೇ. ಹಾಳೆಯ ಲೆಕ್ಕ ಹೊಂದಬೇಕಾದರೆ ಮಾತ್ರ ಮುನ್ನಡೆಯ ವೇಗ ಒಂದು ಚೂರೂ ಸವೆಯದೆ ಉಳಿಯಬೇಕು. 41, 22, 10, 40. ನೂರರಲ್ಲಿ ಮೂರು ನಾಲ್ಕಕ್ಕೆ ಮೀರದ ತಪ್ಪು. ವೇಗ ಉಳಿದಿತ್ತು.

ಈ ಹಾಳೆಯ ಇಳಿಜಾರು ಎಷ್ಟು ಓರೆಯಿತ್ತು, ಗುಂಡು ಅಂಚಿನಲ್ಲಿ ಹೇಗೆ ತಿರುಗಿತು ಎಂಬ ಬಗ್ಗೆ ವಿದ್ವಾಂಸರು ಡ್ರೇಕ್ ಅವರ ಜೊತೆ ಆಮೇಲೆ ಬೇಕಾದಷ್ಟು ಕಾದಾಡಿದರು. ಅದು ಅಳತೆಯ ಹಾಳೆ ಎಂಬ ಮಾತು ಮಾತ್ರ ಉಳಿಯಿತು.

ಪುಸ್ತಕ ಬರೆಯಲು ಎಲ್ಲ ಸಿದ್ಧವಾಗಿತ್ತು. ಅಷ್ಟರಲ್ಲಿ 1609ರ ಬೇಸಿಗೆಯಲ್ಲಿ ಡಚ್ಚರ ದೂರದರ್ಶಕದ ಸುದ್ದಿ ಬಂತು. ಗೆಲಿಲಿಯೋ ಹಲಗೆ, ಗುಂಡುಗಳನ್ನು ಬಿಟ್ಟು ಗಾಜು ಉಜ್ಜಲು ಕೂತ. ಗುರುವಿನ ಚಂದ್ರರು ಸಿಕ್ಕರು, ಕೀರ್ತಿ ಸಿಕ್ಕಿತು, ಫ್ಲಾರೆನ್ಸ್‌ನ ಆಸ್ಥಾನದಲ್ಲಿ ಕೆಲಸ ಸಿಕ್ಕಿತು, ಶತ್ರುಗಳೂ ಸಿಕ್ಕರು. ಚಲನೆಯ ಟಿಪ್ಪಣಿಗಳು ಕಟ್ಟಿನೊಳಗೆ ಮಲಗಿದವು. ಮುಂದಿನದು ಎಲ್ಲರಿಗೂ ತಿಳಿದ ಕತೆ: 1633ರ ಜೂನ್ 22ರಂದು ರೋಮಿನಲ್ಲಿ ಮಂಡಿಯೂರಿ, ಭೂಮಿ ಸುತ್ತುತ್ತದೆ ಎಂಬ ಮಾತನ್ನು ಹಿಂತೆಗೆದುಕೊಂಡ ಮುದುಕ.

ಆ ಮುದುಕ ಮುರಿದುಬೀಳಬೇಕಿತ್ತು. ಶಿಕ್ಷೆಯ ಮೊದಲ ತಿಂಗಳುಗಳನ್ನು ಅವನು ಸಿಯೆನಾದ ಆರ್ಚ್‌ಬಿಷಪ್ ಪಿಕೊಲೊಮಿನಿಯ ಮನೆಯಲ್ಲಿ ಕಳೆದ. ಆತಿಥೇಯ ಅವನನ್ನು ಮೆಲ್ಲಗೆ ಹಳೆಯ ಲೆಕ್ಕಗಳತ್ತ ತಿರುಗಿಸಿದ. ಆಮೇಲೆ ಆರ್ಚೆತ್ರಿಯ ಸ್ವಂತ ಮನೆಯಲ್ಲೇ ಸೆರೆ. 1634ರ ಏಪ್ರಿಲಿನಲ್ಲಿ, ಹತ್ತಿರದ ಕಾನ್ವೆಂಟಿನಲ್ಲಿದ್ದ ಹಿರಿಯ ಮಗಳು ಮರಿಯಾ ಚೆಲೆಸ್ತೆ ಮೂವತ್ಮೂರು ವರ್ಷಕ್ಕೆ ತೀರಿಕೊಂಡಳು. ಅಪ್ಪನ ಬಟ್ಟೆ ಹೊಲಿದು, ಮದ್ದು ಅರೆದು, ವಾರವಾರವೂ ಪತ್ರ ಬರೆಯುತ್ತಿದ್ದ ಮಗಳು ಅವಳು. ಅವನ ಯಾವ ಬರಹವನ್ನೂ ಅಚ್ಚು ಹಾಕುವಂತಿಲ್ಲ ಎಂಬ ನಿಷೇಧ ಬೇರೆ. ಇಷ್ಟರ ನಡುವೆ ಕಾಗದದ ಕಟ್ಟು ಬಿಚ್ಚಿ, ಇಪ್ಪತ್ತೈದು ಮೂವತ್ತು ವರ್ಷ ಹಳೆಯ ಲೆಕ್ಕಗಳಿಗೆ ಅವನು ಮಾತು ಕೊಟ್ಟ.

ಹಸ್ತಪ್ರತಿ ಗಡಿ ದಾಟಿ ಡಚ್ ನಾಡಿನ ಲೈಡನ್ ಸೇರಿತು. ಎಲ್ಸೆವಿಯರ್ ಎಂಬ ಮುದ್ರಕರು ಅದನ್ನು 1638ರಲ್ಲಿ ಅಚ್ಚು ಹಾಕಿದರು, ಹೆಸರು ‘ಎರಡು ಹೊಸ ವಿಜ್ಞಾನಗಳು’. ತನಗೆ ತಿಳಿಯದೆಯೇ ಇದು ಮುದ್ರಕರ ಕೈ ಸೇರಿದೆ ಎಂದು ಗೆಲಿಲಿಯೋ ಅರ್ಪಣೆಯ ಪುಟದಲ್ಲಿ ಗಂಭೀರವಾಗಿ ಬರೆದ. ಯಾರೂ ನಂಬಲಿಲ್ಲ, ಯಾರೂ ಕೆದಕಲೂ ಇಲ್ಲ. ಪುಸ್ತಕ ಹೊರಬರುವ ಹೊತ್ತಿಗೆ ಅವನ ಎರಡೂ ಕಣ್ಣು ಹೋಗಿದ್ದವು.

ಅದರಲ್ಲಿ ಅವನು ವರ್ಣಿಸಿದ ಸಾಮಾನು ಇಷ್ಟು: ಹನ್ನೆರಡು ಬ್ರಾಚಿಯೊ, ಅಂದರೆ ಸುಮಾರು ಏಳು ಮೀಟರ್ ಉದ್ದದ ತೊಲೆ. ಅದರಲ್ಲಿ ಬೆರಳಗಲದ ನೇರ ತೋಡು, ಒಳಗೆ ನುಣುಪಾದ ಚರ್ಮಕಾಗದ, ಉರುಟಾದ ಕಂಚಿನ ಗುಂಡು. ಕಾಲ ಅಳೆಯಲು ದೊಡ್ಡ ಪಾತ್ರೆಯ ತಳದಲ್ಲಿ ಸಣ್ಣ ಕೊಳವೆ. ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ಲೋಟದಲ್ಲಿ ಹಿಡಿದು ತಕ್ಕಡಿಯಲ್ಲಿ ತೂಗುವುದು. ನೂರು ಸಲ ಮಾಡಿದರೂ ನಾಡಿಬಡಿತದ ಹತ್ತರಲ್ಲೊಂದು ಪಾಲು ಕೂಡ ವ್ಯತ್ಯಾಸ ಬರಲಿಲ್ಲ ಎಂದು ಬರೆದ. ತಾಳದ, ಮೆಟ್ಟುಗಳ ಸುದ್ದಿ ಎತ್ತಲಿಲ್ಲ. ಹಾಡಿಕೊಂಡು ನಿಯಮ ಕಂಡುಹಿಡಿದೆ ಎಂದು ಪಂಡಿತರ ಮುಂದೆ ಹೇಳುವುದು ಹೇಗೆ? ಮೇಜಿನಿಂದ ಹಾರಿದ ಗುಂಡಿನ ಅಳತೆಗಳನ್ನೂ ಅಲ್ಲಿ ಕೊಡಲಿಲ್ಲ.

ಅನುಮಾನ ಅಂದೇ ಹುಟ್ಟಿತ್ತು. ಪ್ಯಾರಿಸ್‌ನ ಪಾದ್ರಿ ಮೆರ್ಸೆನ್ ತಾನೂ ಗುಂಡು ಉರುಳಿಸಿ ನೋಡಿ, ಗೆಲಿಲಿಯೋ ಇದನ್ನು ನಿಜವಾಗಿ ಮಾಡಿದನೇ ಎಂದು ಪುಸ್ತಕ ಬರುವ ಮೊದಲೇ ಸಂಶಯಪಟ್ಟಿದ್ದ. ಬೊಲೋನ್ಯದ ಜೆಸ್ಯೂಟ್ ಪಾದ್ರಿ ರಿಚೊಲಿಯಂತೂ ಗೆಲಿಲಿಯೋನನ್ನು ಸುಳ್ಳು ಮಾಡಲೆಂದೇ ಹೊರಟ. ಲೋಲಕದ ಲೆಕ್ಕ ಸರಿಯಿರಬೇಕೆಂದು ಅವನೂ ಜೊತೆಗಾರರೂ ಸರದಿಯಲ್ಲಿ ಇಪ್ಪತ್ನಾಲ್ಕು ಗಂಟೆ ಎಡೆಬಿಡದೆ ಓಲಾಟ ಎಣಿಸಿದರು. 86,400 ಬರಬೇಕಿದ್ದ ಕಡೆ ಒಂದು ಸಲ 87,998 ಬಂತು. ಊರಿನ ಆಸಿನೆಲ್ಲಿ ಗೋಪುರದಿಂದ ಗುಂಡುಗಳನ್ನು ಬಿಟ್ಟರು. ಒಂದು, ಮೂರು, ಐದು, ಏಳು. ಎದುರಾಳಿಯ ನಿಯಮ ಕಣ್ಣೆದುರೇ ಬಿದ್ದು ನೆಲ ಮುಟ್ಟಿತು. ರಿಚೊಲಿ ಅದನ್ನು 1651ರಲ್ಲಿ ಪ್ರಾಮಾಣಿಕವಾಗಿ ಅಚ್ಚು ಹಾಕಿದ. ಹಟಕ್ಕೆ ಬಿದ್ದು ಎದುರಾಳಿಯನ್ನೇ ಗೆಲ್ಲಿಸಿದ ಇಂಥವನಿಗೆ ಒಂದು ನಮಸ್ಕಾರ ಸಲ್ಲಬೇಕು.

ನೀರಿನ ತಕ್ಕಡಿಯ ಬಗ್ಗೆ ಕೊಯ್ರೆ ಮಾಡಿದ ಗೇಲಿಗೆ ಉತ್ತರ 1961ರಲ್ಲಿ ಬಂತು. ಕಾರ್ನೆಲ್‌ನ ವಿದ್ಯಾರ್ಥಿ ಥಾಮಸ್ ಸೆಟಲ್ ಒಂದು ಉದ್ದನೆಯ ಹಲಗೆ ತಂದು, ಹೂಕುಂಡವನ್ನೇ ನೀರಿನ ಪಾತ್ರೆ ಮಾಡಿ, ಗೆಲಿಲಿಯೋ ಬರೆದಂತೆಯೇ ಉರುಳಿಸಿ ತೂಗಿದರು. ಹೇಳಿದ್ದ ನಿಖರತೆ ಬಂತು. ಹನ್ನೊಂದು ವರ್ಷದ ಮೇಲೆ ಡ್ರೇಕ್ ಆ ಹಾಳೆಯ ಮುಂದೆ ಕೂತರು.

ಎರಡು ಹಾಳೆಗಳ ಅಂಕಿಗಳು ಒಟ್ಟಿಗೆ ಹೇಳುವುದಿಷ್ಟು. ಬೀಳುವ ವಸ್ತುವಿನ ವೇಗ ಸಮ ಕಾಲದಲ್ಲಿ ಸಮನಾಗಿ ಏರುತ್ತದೆ, ಅದಕ್ಕೇ ದೂರ ಕಾಲದ ವರ್ಗದಂತೆ ಬೆಳೆಯುತ್ತದೆ. ಮುನ್ನಡೆಯ ವೇಗವನ್ನು ಉಳಿಸಲು ಯಾರೂ ತಳ್ಳಬೇಕಿಲ್ಲ. ತಳ್ಳಾಟ, ಎಳೆದಾಟ ಬೇಕಾಗುವುದು ವೇಗವನ್ನು ಬದಲಿಸಲು. ಒಂದೇ ಗುಂಡಿನಲ್ಲಿ ಏರುವ ವೇಗ ಕೆಳಕ್ಕೂ ಏರದ ವೇಗ ಮುಂದಕ್ಕೂ, ಒಂದು ಇನ್ನೊಂದರ ತಂಟೆಗೆ ಹೋಗದೆ ಸಾಗಿದರೆ ದಾರಿ ಬಾಗಿ ಪರವಲಯವಾಗುತ್ತದೆ. ನ್ಯೂಟನ್ 1687ರಲ್ಲಿ ಇದನ್ನು ಜಡತ್ವ ಎಂದೂ ಬಲ ಎಂದೂ ನಿಯಮವಾಗಿ ಕಟ್ಟಿದ.

ಆ ಹಾಳೆಯಲ್ಲಿ ಇನ್ನೊಂದು ಕೊರತೆ ಇದೆ, ಅದನ್ನು ಗೆಲಿಲಿಯೋ ಬರೆದಿಲ್ಲ. 300ರ ಎತ್ತರದಿಂದ ಗುಂಡು ತಡೆಯಿಲ್ಲದೆ ಜಾರಿ ಬಂದಿದ್ದರೆ 800ರಲ್ಲಿ ಬೀಳುತ್ತಿರಲಿಲ್ಲ, ಸುಮಾರು 997ರವರೆಗೆ ಹೋಗುತ್ತಿತ್ತು. ಅದು ಜಾರಲಿಲ್ಲ, ಉರುಳಿತು. ತೋಡಿಲ್ಲದ ಓರೆ ಹಲಗೆಯ ಮೇಲೆ ಉರುಳುವ ಗುಂಡು ತನ್ನ ಗಳಿಕೆಯಲ್ಲಿ ಏಳಕ್ಕೆ ಎರಡು ಪಾಲನ್ನು ತನ್ನ ಸುತ್ತ ತಾನೇ ತಿರುಗುವುದಕ್ಕೆ ಖರ್ಚು ಮಾಡುತ್ತದೆ, ತೋಡಿನಲ್ಲಾದರೆ ಇನ್ನೂ ಹೆಚ್ಚು. ಈ ಲೆಕ್ಕ ಕಲಿಯಲು ಯುರೋಪಿಗೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಳತೆಗಳನ್ನು ಅಚ್ಚಿಗೆ ಕೊಡದೆ ಹಿಡಿದಿಟ್ಟದ್ದು ಈ ಕಾಣೆಯಾದ ಇನ್ನೂರರ ಚಿಂತೆಯೋ ಏನೋ. ಮೊದಲ 800ನ್ನು ಇದ್ದ ಹಾಗೆ ಒಪ್ಪಿಕೊಂಡು, ಉಳಿದವನ್ನು ಅದಕ್ಕೆ ಹೋಲಿಸಿ, 41, 22, 10, 40 ಎಂದು ಬರೆದು ಅವನು ಹಾಳೆಯನ್ನು ಕಟ್ಟಿನೊಳಗೆ ಸೇರಿಸಿದ.